ರೈಡ್‌ಗೆ ಸೊಂಟದ ವಾಟರ್‌ಪ್ರೂಫ್ ಪೌಚ್: ಕೊಳ್ಳಬಹುದು, ಆದರೆ ನೋಡಿಕೊಂಡು

ಥೀಮ್ ಪಾರ್ಕ್‌ನ ರೋಲರ್ ಕೋಸ್ಟರ್‌ನಲ್ಲಿ ಸೆಲ್ಫಿಗೆಂದು ಕೈಯಲ್ಲಿ ಹಿಡಿದ ಮೊಬೈಲ್ ಇಳಿಜಾರಿನಲ್ಲಿ ಹಾರಿದರೆ ಹಿಂದಿನ ಸೀಟಿನವರ ಮುಖಕ್ಕೇ ಬಡಿಯಬಹುದು. ಜೇಬೂ ನಂಬಿಕೆಯದಲ್ಲ. ಸೊಂಟಕ್ಕೆ ಕಟ್ಟುವ ಪೌಚ್ ಇದಕ್ಕೆ ನಿಜಕ್ಕೂ ಒಳ್ಳೆಯ ಪರಿಹಾರ.

ಬಾಯಿಗೆ ಒತ್ತಿ ಮುಚ್ಚುವ ಸೀಲ್ ಎರಡು ಸಾಲಾದರೂ ಇರಲಿ, ಮೇಲೆ ಮಡಚಿ ಅಂಟಿಸಲು ವೆಲ್ಕ್ರೋ ಇರಲಿ. ಸೀಲಿನಲ್ಲಿ ಒಂದು ಕೂದಲೋ ಮರಳಿನ ಕಣವೋ ಸಿಕ್ಕಿಕೊಂಡರೂ ನೀರು ಒಳಗೆ ಬರುತ್ತದೆ. ಮೊದಲು ಒಣ ಟಿಶ್ಯೂ ಇಟ್ಟು ಮುಚ್ಚಿ, ಬಕೆಟ್ ನೀರಿನಲ್ಲಿ 30 ನಿಮಿಷ ಮುಳುಗಿಸಿ. ಟಿಶ್ಯೂ ಒದ್ದೆಯಾದರೆ ಅಂಗಡಿಗೆ ವಾಪಸ್ ಕೊಡಿ. ಎಷ್ಟು ನೀರು ತಡೆಯುತ್ತದೆ ಎಂದು ಹೇಳುವ ಐಪಿಎಕ್ಸ್7 ಗುರುತು ಎಂದರೆ 1 ಮೀಟರ್ ಆಳದಲ್ಲಿ 30 ನಿಮಿಷ, ಅದೂ ನಿಂತ ನೀರಿನಲ್ಲಿ. ವಾಟರ್ ಸ್ಲೈಡ್ ಕೊನೆಯಲ್ಲಿ ಬಡಿಯುವ ನೀರಿನ ರಭಸ ಆ ಲೆಕ್ಕದಲ್ಲಿಲ್ಲ. ಒದ್ದೆ ಪ್ಲಾಸ್ಟಿಕ್ ಮೇಲೆ ಟಚ್ ಸರಿಯಾಗಿ ಕೇಳುವುದಿಲ್ಲ. ಫೋಟೋಗೆ ವಾಲ್ಯೂಮ್ ಬಟನ್ ಒತ್ತಿ.

ಕೊರಳಿಗೆ ಹಾಕುವ ಮಾದರಿ ಬೇಡವೇ ಬೇಡ: ದಾರ ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆಗೆ ಅಪಾಯ. ಸೊಂಟದ ಪೌಚ್ ಕೂಡ ಹೊಟ್ಟೆಯ ಮೇಲಿದ್ದರೆ ತೊಡೆಯ ಮೇಲೆ ಇಳಿದು ನಮ್ಮನ್ನು ಹಿಡಿದಿಡುವ ಸರಳು (ಲ್ಯಾಪ್ ಬಾರ್) ಪೂರ್ತಿ ಕೂರುವುದಿಲ್ಲ, ಪಕ್ಕಕ್ಕೆ ಸರಿಸಿ. ಸಿಬ್ಬಂದಿ ತೆಗೆಯಿರಿ ಎಂದರೆ ವಾದಿಸದೆ ಲಾಕರ್‌ನಲ್ಲಿಡಿ.

ಬಿದ್ದ ಟೋಪಿಗಾಗಿ ಬೇಲಿ ಹಾರಿ ಹಳಿಯ ಬಳಿ ಹೋಗಿ ಜೀವ ಕಳೆದುಕೊಂಡವರಿದ್ದಾರೆ. ಏನು ಬಿತ್ತು, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಸಿಬ್ಬಂದಿಗೆ ತಿಳಿಸಿ. ತೆಗೆಯುವುದು ಅವರ ಕೆಲಸ.