ಗೋವಾ ಟಿಕೆಟ್ ತೆಗೆಯುವವರೇ, ಯಾವ ನಿಲ್ದಾಣ ಎಂದು ನೋಡಿಕೊಳ್ಳಿ

ತುಮಕೂರಿನಿಂದ ಗೋವಾಕ್ಕೆ ಹೊರಟವರು, ಅದರಲ್ಲೂ ವಯಸ್ಸಾದವರನ್ನು ಜೊತೆಗೆ ಕರೆದೊಯ್ಯುವವರು, ದಯವಿಟ್ಟು ಇದನ್ನು ಓದಿ. ಗೋವಾದಲ್ಲಿ ಈಗ ಎರಡು ವಿಮಾನ ನಿಲ್ದಾಣಗಳಿವೆ: ವಾಸ್ಕೋ ಹತ್ತಿರದ ದಾಬೋಲಿಮ್ ಮತ್ತು ಉತ್ತರದ ಮೋಪಾ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಅಮ್ಮನನ್ನು ಅಷ್ಟು ಕಷ್ಟಕ್ಕೆ ಒಡ್ಡಿದೆ.

ಅಕ್ಕ, ಭಾವ ಇರುವುದು ವಾಸ್ಕೋದಲ್ಲಿ. ಮಗುವಿನ ನಾಮಕರಣಕ್ಕೆ ಹೋಗುವಾಗ ದಾಬೋಲಿಮ್‌ನಲ್ಲಿ ಇಳಿದೆವು. ಅಲ್ಲಿಂದ ಅಕ್ಕನ ಮನೆ ಹತ್ತು ಹದಿನೈದು ನಿಮಿಷದ ದಾರಿ. ಹಿಂದಿರುಗುವ ಟಿಕೆಟ್ಟನ್ನೂ ನಮ್ಮೂರಿನ ಅದೇ ಏಜೆಂಟರು ತೆಗೆದುಕೊಟ್ಟಿದ್ದರು. ಅವರ ಸಂದೇಶದಲ್ಲಿ ಇದ್ದದ್ದು ‘ಗೋವಾ–ಬೆಂಗಳೂರು, ಸಂಜೆ 4.35’ ಎಂದಷ್ಟೇ. ಟಿಕೆಟ್ ತೆರೆದು ಹೆಸರು, ತಾರೀಖು ನೋಡಿದೆ. ನಿಲ್ದಾಣದ ಹೆಸರಿನತ್ತ ಕಣ್ಣು ಹಾಯಿಸಲಿಲ್ಲ.

ಊಟ ಮುಗಿಸಿ 2.40ಕ್ಕೆ ದಾಬೋಲಿಮ್ ಬಾಗಿಲಿನಲ್ಲಿದ್ದೆವು. ಭದ್ರತಾ ಸಿಬ್ಬಂದಿ ನನ್ನ ಮೊಬೈಲನ್ನು ಕೈಗೆ ತೆಗೆದುಕೊಂಡು, ನಿಲ್ದಾಣವನ್ನು ಗುರುತಿಸುವ ಮೂರು ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟು ತೋರಿಸಿದರು: ಜಿಒಎಕ್ಸ್ (GOX). “ಇದು ಮೋಪಾದ್ದು. ಇಲ್ಲಿಯದು ಜಿಒಐ (GOI).” ಅಕ್ಕ ಕಟ್ಟಿಕೊಟ್ಟಿದ್ದ ಹೋಳಿಗೆಯ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

ಮೋಪಾ ಇರುವುದು ಉತ್ತರದ ಪೆಡ್ನೆ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಯ ಹತ್ತಿರ. ಮನೋಹರ್ ಪರಿಕ್ಕರ್ ಹೆಸರಿನ ಈ ನಿಲ್ದಾಣದಿಂದ ವಿಮಾನಗಳು ಹಾರತೊಡಗಿದ್ದು 2023ರ ಜನವರಿಯಲ್ಲಿ. ದಾಬೋಲಿಮ್‌ನಿಂದ ರಸ್ತೆಯಲ್ಲಿ 60 ಕಿಲೋಮೀಟರಿಗೂ ಹೆಚ್ಚು. ಕೇಳುವುದಕ್ಕೆ ತುಮಕೂರಿನಿಂದ ಬೆಂಗಳೂರಿಗೆ ಹೋದಷ್ಟೇ ಅನ್ನಿಸುತ್ತದೆ. ಆದರೆ ಜುವಾರಿ, ಮಾಂಡೋವಿ ಎರಡೂ ನದಿಗಳನ್ನು ದಾಟಿ, ಪಣಜಿ, ಪರ್ವರಿ, ಮಾಪುಸಾ ಹಾಯ್ದು ಹೋಗಬೇಕು. ಒಂದೂವರೆ ಗಂಟೆಯಾದರೂ ಬೇಕು, ದಟ್ಟಣೆ ಇದ್ದರೆ ಎರಡು ಗಂಟೆ. ಟ್ಯಾಕ್ಸಿಗೆ 2,800 ರೂಪಾಯಿ ಕೊಟ್ಟೆ. ಸಾಮಾನು ಒಪ್ಪಿಸುವ ಕೌಂಟರ್ ವಿಮಾನ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತದೆ. ಅಂದರೆ ನಮಗೆ ಉಳಿದದ್ದು 3.35ರವರೆಗೆ ಮಾತ್ರ. ಆ ಹೊತ್ತಿಗೆ ನಾವು ಮಾಂಡೋವಿ ಸೇತುವೆಯ ಮೇಲಿದ್ದೆವು. “ನಿಧಾನವಾಗಿ ಹೋಗಪ್ಪಾ, ತಪ್ಪಿದರೆ ತಪ್ಪಲಿ” ಎಂದು ಅಮ್ಮ ಚಾಲಕನಿಗೆ ಹೇಳುತ್ತಲೇ ಇದ್ದರು. ಅವನಿಗೆ ಕನ್ನಡ ಬಾರದು.

4.25ಕ್ಕೆ ಮೋಪಾ ತಲುಪಿದೆವು. ರಾತ್ರಿಯ ವಿಮಾನಕ್ಕೆ ಮೊದಲಿನ ದರದ ಎರಡೂವರೆ ಪಟ್ಟು ಕೊಟ್ಟು ಹೊಸ ಟಿಕೆಟ್ ತೆಗೆದೆ. ದೇವನಹಳ್ಳಿಯಲ್ಲಿ ಇಳಿದು ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮೇಲೆ ಮನೆ ಸೇರಿದಾಗ ರಾತ್ರಿ ಎರಡು ಗಂಟೆ. ಅಮ್ಮನ ಕಾಲುಗಳು ಊದಿಕೊಂಡಿದ್ದವು.

ಏಜೆಂಟರನ್ನು ಕೇಳಿದರೆ, “ಎರಡೂ ಗೋವಾನೇ ಅಲ್ಲವೇ ಸಾರ್? ಒಂಬೈನೂರು ಉಳಿಯುತ್ತದೆ ಎಂದು ಹಾಕಿದೆ” ಎಂದರು. ಅವರು ಕೆಟ್ಟವರಲ್ಲ. ಆದರೆ ಒಂದು ಮಾತು ಹೇಳಬೇಕಿತ್ತು, ನಾನೂ ಒಂದು ಮಾತು ಕೇಳಬೇಕಿತ್ತು.

ವಾಸ್ಕೋ, ಮಡಗಾಂವ್, ಕಾಣಕೋಣದ ಕಡೆ ಇರುವವರು ದಾಬೋಲಿಮ್‌ಗೇ ತೆಗೆಯಿರಿ. ಅರಂಬೋಲ್, ಮಾಪುಸಾದ ಕಡೆಯಾದರೆ ಮೋಪಾ ಹತ್ತಿರ. ಟಿಕೆಟ್ ಅಗ್ಗವಾಗಿ ಕಂಡರೆ ಟ್ಯಾಕ್ಸಿ ಬಾಡಿಗೆಯನ್ನೂ ಸೇರಿಸಿ ನೋಡಿ. ಹೋಗುವ ಟಿಕೆಟ್ ಒಂದು ನಿಲ್ದಾಣಕ್ಕೆ, ಬರುವ ಟಿಕೆಟ್ ಇನ್ನೊಂದರಿಂದ ಇರಬಹುದು, ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ. ದೆಹಲಿಗೆ ಹೋಗುವವರಿಗೂ ಇದೇ ಮಾತು: ಅಗ್ಗದ ಟಿಕೆಟ್ ಗಾಜಿಯಾಬಾದಿನ ಹಿಂಡನ್ ನಿಲ್ದಾಣದ್ದಾಗಿರಬಹುದು.

ಈಗಾಗಲೇ ವಿಮಾನ ತಪ್ಪಿಸಿಕೊಂಡಿದ್ದರೆ, ಟಿಕೆಟ್ ಹಣ ಹೋದರೂ ಅದರಲ್ಲಿ ಸೇರಿದ ನಿಲ್ದಾಣ ಶುಲ್ಕ ಮತ್ತು ತೆರಿಗೆಯನ್ನು ವಿಮಾನ ಸಂಸ್ಥೆ ಹಿಂದಿರುಗಿಸಬೇಕು. ಅರ್ಜಿ ಹಾಕಿ ಕೇಳಿ. ನಾನು ಮೊನ್ನೆ ಹಾಕಿದ್ದೇನೆ.