ಹುಣಸೆ ಬೀಜವೋ, ಲೂಡೋ ಕಾಯಿಯೋ?

ಲಾಜಿಕ್‌ನ ಆಟಗಳನ್ನು ಮನೆಯಲ್ಲಿ ಆಡೋಕೆ ಯಾವುದು ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹುಣಸೆ ಬೀಜಕ್ಕೆ. ಬಳ್ಳಾರಿಯಲ್ಲಿ 120 ರೂಪಾಯಿ ಕೊಟ್ಟು ತಂದ ಲೂಡೋ ಡಬ್ಬಿ ದಂಡ ಆಯಿತು.

ಅಕ್ಕನ ಮಗಳು ಬಿಎಸ್ಸಿ ಓದುತ್ತಾಳೆ, ಅವಳಿಗೆ ಲಾಜಿಕ್‌ನ ಆಟ ತೋರಿಸಬೇಕಿತ್ತು. ಎರಡು ರಚನೆ ಇರುತ್ತವೆ, ನಮ್ಮಲ್ಲಿ ಬಿಂದುಗಳ ಸಾಲು ಇಲ್ಲವೇ ಗುಂಪು. ಅವೆರಡೂ ಬೇರೆ ಅಂತ ತೋರಿಸೋಕೆ ಸ್ಪಾಯ್ಲರ್ (ಇಲ್ಲಿ ನಾನು) ಒಂದರಲ್ಲಿ ಒಂದು ಬಿಂದು ಹಿಡಿಯುತ್ತಾನೆ, ಡುಪ್ಲಿಕೇಟರ್ (ಅವಳು) ಇನ್ನೊಂದರಲ್ಲಿ ಅದಕ್ಕೆ ಸರಿಜೋಡಿ ತೋರಿಸಬೇಕು; ಸಾಲಾದರೆ ಎಡ-ಬಲದ ಕ್ರಮವೂ ಹೊಂದಬೇಕು, ಆಗದಿದ್ದರೆ ಸೋಲು.

ಇದರ ಒಂದು ಬಗೆಯಾದ ಎರೆನ್‌ಫಾಯ್ಟ್–ಫ್ರಾಯಿಸೆ ಆಟದಲ್ಲಿ ಸುತ್ತು ಮೊದಲೇ ನಿಗದಿ. ಕಡಪ ಕಲ್ಲಿನ ಮೇಲೆ ಬೀಜ ಸಾಲಾಗಿ ಇಟ್ಟೆವು, ಒಂದು ಕಡೆ 7, ಇನ್ನೊಂದು ಕಡೆ 6, ಮೂರು ಸುತ್ತು. ನಾನು ಏಳರ ನಟ್ಟನಡುವಿನದು ಹಿಡಿದೆ, ಎಡಕ್ಕೆ ಮೂರು, ಬಲಕ್ಕೆ ಮೂರು. ಅವಳು ಆರರಲ್ಲಿ ಎಲ್ಲಿ ಇಟ್ಟರೂ ಒಂದು ಪಕ್ಕ ಎರಡಕ್ಕಿಂತ ಜಾಸ್ತಿ ಉಳಿಯಲ್ಲ. ಆ ಪಕ್ಕದ ಮೂರರಲ್ಲಿ ಮತ್ತೆ ನಡುವಿನದು ಹಿಡಿದೆ, ಮೂರನೇ ಸುತ್ತಿಗೆ ಅವಳಿಗೆ ಜಾಗವೇ ಇಲ್ಲ. ಅದೇ 7 ಮತ್ತು 8 ಇಟ್ಟರೆ ಮೂರು ಸುತ್ತಲ್ಲಿ ನನ್ನಿಂದ ಏನೂ ಆಗಲ್ಲ. ಅಂದರೆ ಕ್ವಾಂಟಿಫೈಯರ್‌ಗಳನ್ನು ('ಎಲ್ಲಕ್ಕೂ', 'ಒಂದಾದರೂ ಇದೆ' ಅನ್ನುವವನ್ನು) ಮೂರರ ಆಳದವರೆಗೆ ಒಂದರೊಳಗೊಂದು ಇಟ್ಟು ಬರೆದ ಯಾವ ವಾಕ್ಯವೂ ಅವನ್ನು ಬೇರೆ ಮಾಡಲಾರದು.

ಇನ್ನೊಂದು ಬಗೆ ಪೆಬಲ್ ಆಟ, ಅದಕ್ಕೆ ಲೂಡೋ ಕಾಯಿ. ಇಲ್ಲಿ ಸುತ್ತಿಗೆ ಮಿತಿ ಇಲ್ಲ, ಕಾಯಿಜೋಡಿಗೆ (ಒಂದೇ ಬಣ್ಣದ್ದು, ಎರಡೂ ಕಡೆ ಒಂದೊಂದು) ಮಿತಿ, ಇಟ್ಟದ್ದನ್ನು ಎತ್ತಿ ಬೇರೆ ಕಡೆ ಇಡಬಹುದು. ಸಾಲಿಗೆ ಇದು ಭರ್ಜರಿ: ಎರಡೇ ಜೋಡಿಯಲ್ಲಿ ಒಂದನ್ನು ಎತ್ತಿ ಇನ್ನೊಂದರ ಮುಂದಕ್ಕೆ ಇಡುತ್ತಾ ಹೋದರೆ ಎಂಟರ ಸಾಲು ಏಳನ್ನು ದಾಟುತ್ತದೆ, ಅವಳಿಗೆ ಇಡಲು ಜಾಗ ಉಳಿಯಲ್ಲ.

ಕಾಟ ಶುರುವಾಗಿದ್ದು ಸಾಲು ಅಳಿಸಿ, ಕ್ರಮವೇ ಇಲ್ಲದ ಬರೀ ಗುಂಪು ಇಟ್ಟಾಗ, 5 ಮತ್ತು 6. ಮೂರು ಜೋಡಿಯಲ್ಲಿ ಕೆಂಪು ಎತ್ತಿ ಇಡು, ಹಸಿರು ಎತ್ತಿ ಇಡು, ಅವಳಿಗೆ ಸದಾ ಒಂದು ಖಾಲಿ ಬಿಂದು ಸಿಗುತ್ತದೆ. ಕರೆಂಟ್ ಹೋಯಿತು, ಬಂತು, ರಾತ್ರಿ ಹನ್ನೊಂದಾಯಿತು. "ಮಾಮಾ, ಇದು ಮುಗಿಯೋದು ಯಾವಾಗ?" ಅಂದಳು. ಆಮೇಲೆ ಹಾಳೆ ಮೇಲೆ ಬರೆದು ನೋಡಿದರೆ ಐದು ಜೋಡಿ ಇದ್ದರೂ ಅವಳು ಸೋಲಲ್ಲ, ಆರು ಬೇಕು. ಲೂಡೋದಲ್ಲಿ ಬಣ್ಣ ಇರೋದು ನಾಲ್ಕೇ! ನಾನು ಮೊದಲೇ ಲೆಕ್ಕ ಹಾಕದವನು, ತಪ್ಪು ನಂದೇ, ಆದರೂ ಡಬ್ಬಿ ಮೇಲೆ ಸಿಟ್ಟು.

ಬೈಜೆಕ್ಷನ್ ಆಟವನ್ನೂ ಆಡಿದೆವು. ಡುಪ್ಲಿಕೇಟರ್ ಮೊದಲೇ ಒಂದಕ್ಕೊಂದು ಪೂರ್ತಿ ಜೋಡಣೆ ಹೇಳಬೇಕು. 5ಕ್ಕೂ 6ಕ್ಕೂ ಅದು ಇಲ್ಲವೇ ಇಲ್ಲ, ಆಟ ಶುರುವಾಗುವ ಮೊದಲೇ ಮುಗೀತು.

ವ್ಯತ್ಯಾಸ ಹೇಳುವ ವಾಕ್ಯಕ್ಕೆ ಎಷ್ಟು ವೇರಿಯಬಲ್ (x, y ಥರದ ಅಕ್ಷರ, ಜೋಡಿಗೊಂದು) ಬೇಕು ಅಂತ ಅಳೆಯೋರು ಪೆಬಲ್ ಆಡಲಿ, ಹತ್ತು ಬಣ್ಣದ ಗುಂಡಿ ಕೊಂಡುಕೊಂಡು. ಊಟ ಆದಮೇಲೆ ಅರ್ಧ ಗಂಟೆ ಕೂರುವ ನನಗೆ ಮೂರು ಸುತ್ತು ಸಾಕು, ಬೀಜ ಅಡುಗೆಮನೆಯಲ್ಲೇ ಸಿಗುತ್ತವೆ. ಲೂಡೋ ಈಗ ಪಕ್ಕದ ಮನೆ ಹುಡುಗರ ಹತ್ತಿರ ಇದೆ.