ಮಗುವಿನ ಜೊತೆ ಮೊದಲ ಗೇಮಿಂಗ್ ಪಿಸಿ: 8600ಜಿ ಒಂದೇ ಸಾಕೇ, 5600 ಜೊತೆ ಕಾರ್ಡ್ ಬೇಕೇ, ಅಂಗಡಿಯ ರೆಡಿ ಸೆಟ್ಟೇ?

ಮೊದಲೇ ಹೇಳಿಬಿಡುತ್ತೇನೆ. ಆರರಿಂದ ಒಂಬತ್ತನೇ ತರಗತಿ ಒಳಗಿನ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಸಲ ಪಿಸಿ ಜೋಡಿಸುವುದಾದರೆ ನನ್ನ ಆಯ್ಕೆ ರೈಜೆನ್ 5 8600ಜಿ: ಒಳಗೇ ಗ್ರಾಫಿಕ್ಸ್ ಇರುವ, ಎಎಂ5 ಎಂಬ ಹೊಸ ಸಾಕೆಟ್‌ನ ಬೋರ್ಡ್‌ಗೆ ಕೂರುವ ಎಎಂಡಿ ಪ್ರೊಸೆಸರ್. ಗ್ರಾಫಿಕ್ಸ್ ಕಾರ್ಡ್ ಈಗ ಬೇಡ, ಮುಂದಿನ ವರ್ಷ ನೋಡೋಣ. ಇದರ ಎದುರಿಗೆ ಇಟ್ಟು ನೋಡಿದ್ದು ಎರಡು: ರೈಜೆನ್ 5 5600ಕ್ಕೆ ರೇಡಿಯಾನ್ ಆರ್‌ಎಕ್ಸ್ 6600 ಕಾರ್ಡ್ ಸೇರಿಸಿದ, ಹಳೆಯ ಎಎಂ4 ಸಾಕೆಟ್‌ನ ಜೋಡಿ, ಮತ್ತು ಬಣ್ಣದ ಫ್ಯಾನ್ ಹೊಳೆಯುವ, ಅಂಗಡಿಯವರೇ ಕೂಡಿಸಿ ಕೊಡುವ ರೆಡಿ ಸೆಟ್. ಲೆಕ್ಕ ಹಾಕಿದ್ದು ವಿಜಯಪುರ, ಬಾಗಲಕೋಟೆ ಕಡೆಯ ಮನೆಗೆ: ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಹೋಗಿ ಬರುವ ಕರೆಂಟ್, ಮೂಲೆಯಲ್ಲಿ ಒಂದು ಇನ್ವರ್ಟರ್, ಎರಡು ಕಂತಿನಲ್ಲಿ ಹೊಂದಿಸುವ ದುಡ್ಡು.

ರೆಡಿ ಸೆಟ್‌ನ ಮಾತು ಬೇಗ ಮುಗಿಸುತ್ತೇನೆ. ‘ಐ7, 16 ಜಿಬಿ, ಗ್ರಾಫಿಕ್ಸ್ ಕಾರ್ಡ್ ಸಹಿತ’ ಎಂದು ಅಗ್ಗಕ್ಕೆ ಸಿಕ್ಕರೆ, ಯಾವ ಐ7 ಎಂದು ಕೇಳಿ. ಎಷ್ಟೋ ಸಲ ಅದು 2012ರ ಮೂರನೇ ತಲೆಮಾರಿನ ಚಿಪ್, ಎಚ್61 ಎಂಬ ಹಳೆಯ ಮದರ್‌ಬೋರ್ಡ್ ಮೇಲೆ ಕೂತಿರುತ್ತದೆ. ಜೊತೆಗಿನ ಕಾರ್ಡ್ 2014ರ ಜಿಟಿ 730. ಇಂಟೆಲ್ ಚಿಪ್‌ಗಳಲ್ಲಿ ವಿಂಡೋಸ್ 11ಕ್ಕೆ ಅಧಿಕೃತ ಮಾನ್ಯತೆ ಇರುವುದು ಎಂಟನೇ ತಲೆಮಾರಿನಿಂದ ಈಚೆಗೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಬೇಕೆಂದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡೂ ಭದ್ರತಾ ಸೌಲಭ್ಯ ಬೇಕು, ಆ ಹಳೆಯ ಬೋರ್ಡ್‌ನಲ್ಲಿ ಅದು ಆಗದ ಕೆಲಸ. ಹೊಸ ಬಿಡಿಭಾಗ ಹಾಕಿದ ಒಳ್ಳೆಯ ರೆಡಿ ಸೆಟ್‌ಗಳೂ ಇವೆ, ಆದರೆ ಅಲ್ಲೂ ಉಳಿತಾಯ ಮಾಡುವುದು ಎಸ್‌ಎಂಪಿಎಸ್‌ನಲ್ಲಿ, ಅಂದರೆ ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿಯಲ್ಲಿ. ಎಲ್ಲಕ್ಕಿಂತ ದೊಡ್ಡದು, ಮಗುವಿಗೆ ಮಾಡಲಿಕ್ಕೆ ಕೆಲಸವೇ ಉಳಿಯುವುದಿಲ್ಲ.

ಇನ್ನು ಉಳಿದ ಎರಡು. ಆಟದ ಓಟದಲ್ಲಿ 5600–6600 ಜೋಡಿಯೇ ಗೆಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಕಾರ್ಡ್‌ಗೆ ತನ್ನದೇ 8 ಜಿಬಿ ಮೆಮೊರಿ ಇದೆ, 1080ಪಿಯಲ್ಲಿ ಬಹುತೇಕ ಆಟಗಳನ್ನು ಹೈ ಸೆಟ್ಟಿಂಗ್‌ನಲ್ಲೇ ಓಡಿಸುತ್ತದೆ. 8600ಜಿ ಒಳಗಿನ ರೇಡಿಯಾನ್ 760ಎಂ ಅಷ್ಟು ದೂರ ಹೋಗುವುದಿಲ್ಲ. ವ್ಯಾಲರಂಟ್ 1080ಪಿಯಲ್ಲಿ 100 ಫ್ರೇಮ್ ದಾಟುತ್ತದೆ, ಮೈನ್‌ಕ್ರಾಫ್ಟ್ ಶೇಡರ್ (ಬೆಳಕು-ನೆರಳಿನ ಹೆಚ್ಚುವರಿ ಅಲಂಕಾರ) ಇಲ್ಲದೆ ಸಲೀಸು, ಜಿಟಿಎ 5 ಮಧ್ಯಮ ಸೆಟ್ಟಿಂಗ್‌ನಲ್ಲಿ ಆಡುವಂತಿರುತ್ತದೆ. ಹೊಸ ಭಾರೀ ಆಟಗಳನ್ನು ಲೋ ಸೆಟ್ಟಿಂಗ್‌ಗೆ ಇಳಿಸಲೇಬೇಕು. ಹಾಗಾಗಿ ಬಿಡಿಭಾಗಗಳ ಪಟ್ಟಿಗಿಂತ ಮೊದಲು ಮಗುವಿನ ಕೈಯಲ್ಲೇ ಆಟಗಳ ಪಟ್ಟಿ ಬರೆಸಿ. ಪಟ್ಟಿಯ ಮೊದಲ ಸಾಲಿನಲ್ಲಿ ಬಿಜಿಎಂಐ ಇದ್ದರೆ, ಅದು ಮೊಬೈಲ್ ಆಟ, ಪಿಸಿಗೆ ಅದರ ಆವೃತ್ತಿ ಇಲ್ಲ ಎಂಬುದನ್ನು ದುಡ್ಡು ಕೊಡುವ ಮೊದಲೇ ತಿಳಿಸಿಬಿಡಿ.

8600ಜಿ ಕೊಂಡರೆ ರ‍್ಯಾಮ್ ವಿಷಯದಲ್ಲಿ ರಾಜಿ ಆಗಬೇಡಿ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್‌ನಲ್ಲೇ ಪಾಲು ಪಡೆಯುತ್ತದೆ. ‘ಈಗ ಒಂದು ಸ್ಟಿಕ್ ಹಾಕ್ರಿ, ಆಮೇಲೆ ಇನ್ನೊಂದು ಹಾಕಿದ್ರಾತು’ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಒಂದೇ ಸ್ಟಿಕ್ ಹಾಕಿದರೆ ಮೆಮೊರಿಯ ದಾರಿ ಅರ್ಧಕ್ಕೆ ಇಳಿದು ಆಟ ಕುಂಟುತ್ತದೆ. ಒಂದೇ ಕಿಟ್‌ನ ಎರಡು 16 ಜಿಬಿ ಡಿಡಿಆರ್5 6000 ಸ್ಟಿಕ್ ಉತ್ತಮ, ದುಡ್ಡು ಸಾಲದಿದ್ದರೆ ಎರಡು 8 ಜಿಬಿ. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿ. ನಾಲ್ಕೂ ಸ್ಲಾಟ್ ತುಂಬುವ ಆಸೆ ಬೇಡ: ಎಎಂ5ನಲ್ಲಿ ನಾಲ್ಕು ಸ್ಟಿಕ್ ಕೂತರೆ ಅಧಿಕೃತ ವೇಗ 5200ರಿಂದ 3600ಕ್ಕೆ ಇಳಿಯುತ್ತದೆ.

ಈಗ ಕರೆಂಟ್ ಮಾತಿಗೆ ಬರೋಣ. ನಮ್ಮ ಭಾಗದಲ್ಲಿ ಆಯ್ಕೆ ಅರ್ಧ ತೀರ್ಮಾನವಾಗುವುದು ಇಲ್ಲೇ. 8600ಜಿ ಎಷ್ಟು ದುಡಿದರೂ ಬೋರ್ಡ್‌ನ ಸಾಕೆಟ್‌ನಿಂದ ಎಳೆಯುವುದು 88 ವ್ಯಾಟ್. ಆಡುವಾಗ ಇಡೀ ಕ್ಯಾಬಿನೆಟ್ ಸೇರಿ ಸುಮಾರು 130 ವ್ಯಾಟ್ ಒಳಗೇ ಇರುತ್ತದೆ. ಆರ್‌ಎಕ್ಸ್ 6600 ಕಾರ್ಡ್ ಒಂದೇ 132 ವ್ಯಾಟ್, ಅದರ ಮೇಲೆ ಪ್ರೊಸೆಸರ್. ಸಾಮಾನ್ಯ 600 ವಿಎ ಯುಪಿಎಸ್‌ನ ಸಣ್ಣ ಬ್ಯಾಟರಿ ಮೇಲೆ ಮೊದಲನೆಯದು ಹತ್ತು ನಿಮಿಷದ ಆಸುಪಾಸು ನಿಲ್ಲುತ್ತದೆ, ಎರಡನೆಯದು ನಾಲ್ಕೈದು ನಿಮಿಷ.

ಬರೀ ಮನೆಯ ಇನ್ವರ್ಟರ್ ಮೇಲೆ ಓಡಿಸುವವರು ಅದರ ಹಿಂಬದಿಯ ಸಣ್ಣ ಸ್ವಿಚ್ ನೋಡಿ. ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಎಂದು ಬರೆದಿರುತ್ತದೆ. ನಾರ್ಮಲ್ ಮೋಡ್‌ನಲ್ಲಿ ಕರೆಂಟ್ ಹೋದ ಮೇಲೆ ಬ್ಯಾಟರಿಗೆ ದಾಟುವುದು ನಿಧಾನ. ಫ್ಯಾನ್, ಲೈಟ್‌ಗೆ ಅದು ಗೊತ್ತೇ ಆಗುವುದಿಲ್ಲ, ಪಿಸಿ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಕೂಡ ಪೂರ್ತಿ ಲೋಡ್‌ನಲ್ಲಿ ಕರೆಂಟ್ ಇಲ್ಲದೆ ತಡೆಯುವುದು ಸುಮಾರು 16 ಮಿಲಿಸೆಕೆಂಡ್. ಲೋಡ್ ಕಡಿಮೆ ಇದ್ದಷ್ಟೂ ಒಳಗಿನ ಕೆಪಾಸಿಟರ್ ಇನ್ನಷ್ಟು ಹೊತ್ತು ತಡೆಯುತ್ತದೆ, ಹಾಗಾಗಿ ಕಾರ್ಡ್ ಇಲ್ಲದ ಸೆಟ್ ಇಲ್ಲೂ ಮುಂದು. ಯುಪಿಎಸ್ ಮೋಡ್‌ಗೆ ಹಾಕಿದರೆ ಇನ್ನೊಂದು ಕಿರಿಕಿರಿ: ವೋಲ್ಟೇಜ್ 180ರ ಸುತ್ತ ಇಳಿದರೂ ಅದು ಬ್ಯಾಟರಿಗೆ ದಾಟುತ್ತದೆ. ಪಂಪ್‌ಸೆಟ್ ಓಡುವ ಹೊತ್ತಿಗೆ ವೋಲ್ಟೇಜ್ ಬೀಳುವ ಊರಾದರೆ ಬ್ಯಾಟರಿ ತುಂಬುವುದೇ ಇಲ್ಲ. ಅಂಥ ಕಡೆ ಇನ್ವರ್ಟರ್ ನಾರ್ಮಲ್‌ನಲ್ಲೇ ಇರಲಿ, ಪಿಸಿಗೆ ಬೇರೆ ಸಣ್ಣ ಯುಪಿಎಸ್ ಹಚ್ಚಿ.

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಎಂದರೆ ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಎಸ್‌ಎಂಪಿಎಸ್‌ನ ಫಿಲ್ಟರ್‌ನಲ್ಲಿರುವ ಸಣ್ಣ ಕೆಪಾಸಿಟರ್‌ಗಳು ಅರ್ಥ್ ತಂತಿಯನ್ನು ನಂಬಿ ಕೆಲಸ ಮಾಡುತ್ತವೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್‌ನ ತಗಡಿನ ಮೇಲೆ ಹೆಚ್ಚುಕಡಿಮೆ 115 ವೋಲ್ಟ್ ಕೂತಿರುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ, ಆದರೂ ಮಗು ಬರಿಗಾಲಲ್ಲಿ ಕೂರುವ ಜಾಗ ಅದು. ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಲೇಬೇಡಿ.

ನನ್ನ ಆಯ್ಕೆಗೂ ಒಂದು ಕಾಟ ಇದೆ. ಮೊದಲ ಸಲ ಜೋಡಿಸುವವರ ಎದೆ ನಡುಗಿಸುವುದು ಅದೇ.

ಎಲ್ಲ ಜೋಡಿಸಿ ಪವರ್ ಬಟನ್ ಒತ್ತುತ್ತೀರಿ. ಫ್ಯಾನ್ ತಿರುಗುತ್ತದೆ, ದೀಪ ಬರುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಒಂದು ನಿಮಿಷ, ಎರಡು ನಿಮಿಷ. ‘ಅಪ್ಪಾ, ಏನೂ ಬರವಲ್ದು’ ಎಂದು ಮಗು ಮುಖ ನೋಡುತ್ತದೆ. ಅಷ್ಟರಲ್ಲಿ ಸೆಟ್ ತಾನೇ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಇಲ್ಲೇ ಜನ ಕೈ ಹಾಕಿ ಕೆಡಿಸಿಕೊಳ್ಳುವುದು: ಸ್ವಿಚ್ ಆಫ್ ಮಾಡುತ್ತಾರೆ, ರ‍್ಯಾಮ್ ತೆಗೆದು ಹಾಕುತ್ತಾರೆ, ಪ್ರೊಸೆಸರ್ ಬಿಚ್ಚಿ ನೋಡುತ್ತಾರೆ, ಕೊನೆಗೆ ಬೋರ್ಡ್ ಸತ್ತಿದೆ ಎಂದು ಅಂಗಡಿಗೆ ಒಯ್ಯುತ್ತಾರೆ. ಬೋರ್ಡ್‌ಗೆ ಏನೂ ಆಗಿರುವುದಿಲ್ಲ. ಡಿಡಿಆರ್5 ರ‍್ಯಾಮ್‌ಗೂ ಪ್ರೊಸೆಸರ್‌ಗೂ ನಡುವೆ ಸಂಕೇತ ಯಾವ ಹೊತ್ತಿಗೆ, ಯಾವ ವೋಲ್ಟೇಜ್‌ನಲ್ಲಿ ಸರಿಯಾಗಿ ತಲುಪುತ್ತದೆ ಎಂದು ಬೋರ್ಡ್ ಒಂದೊಂದಾಗಿ ಪರೀಕ್ಷಿಸುತ್ತಿರುತ್ತದೆ. ಇದಕ್ಕೆ ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ. ಒಂದೆರಡು ನಿಮಿಷದಲ್ಲೂ ಮುಗಿಯಬಹುದು, ಹತ್ತು ನಿಮಿಷವೂ ಹಿಡಿಯಬಹುದು. ನಡುವೆ ಕರೆಂಟ್ ತೆಗೆದರೆ ಹಾಳಾಗುವುದೇನಿಲ್ಲ, ಆದರೆ ಎಣಿಕೆ ಮತ್ತೆ ಮೊದಲಿನಿಂದ ಶುರು. ಐದು ಸಲ ಆಫ್ ಮಾಡಿದವರು ಐದು ಸಲವೂ ಮೊದಲ ಮೆಟ್ಟಿಲಲ್ಲೇ ನಿಂತಿರುತ್ತಾರೆ.

ಮಾಡಬೇಕಾದ್ದು ಇಷ್ಟು. ಬೋರ್ಡ್ ಕೊಳ್ಳುವಾಗಲೇ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂಬ ನಾಲ್ಕು ಸಣ್ಣ ದೀಪ ಇರುವಂಥದ್ದನ್ನು ಆರಿಸಿ. ಆನ್ ಮಾಡಿದಾಗ ಡಿರ‍್ಯಾಮ್ ದೀಪ ಹತ್ತಿ ನಿಂತರೆ ಟ್ರೇನಿಂಗ್ ನಡೆದಿದೆ ಎಂದು ತಿಳಿಯಿರಿ. ಗಡಿಯಾರ ನೋಡಿ ಹದಿನೈದು ನಿಮಿಷ ಬಿಡಿ, ಚಹಾ ಮಾಡಿಕೊಳ್ಳಿ, ಮಗುವಿಗೆ ಆ ದೀಪ ಕಾಯುವ ಕೆಲಸ ಕೊಡಿ. ಅದು ಆರಿ ಮುಂದಿನ ದೀಪ ಹತ್ತಿದ್ದನ್ನು ಮಗುವೇ ಕೂಗಿ ಹೇಳಲಿ. ಹದಿನೈದು ನಿಮಿಷ ಕಳೆದರೂ ಕದಲದಿದ್ದರೆ ಮಾತ್ರ ಆಫ್ ಮಾಡಿ, ಎರಡನೇ ಸ್ಲಾಟ್‌ನಲ್ಲಿ ಒಂದೇ ಸ್ಟಿಕ್ ಇಟ್ಟು ನೋಡಿ. ಆಮೇಲೆ ಬಯಾಸ್‌ನಲ್ಲಿ (ಬೋರ್ಡ್‌ನ ಮೂಲ ತಂತ್ರಾಂಶ) ಎಕ್ಸ್‌ಪೋ, ಅಂದರೆ ಮೆಮೊರಿಯನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಆಯ್ಕೆ, ಆನ್ ಮಾಡಿದ ಕೂಡಲೇ ಇದೇ ಕಥೆ ಇನ್ನೊಮ್ಮೆ ನಡೆಯುತ್ತದೆ, ಗಾಬರಿ ಬೇಡ. ದಿನಾಲೂ ಆನ್ ಮಾಡುವಾಗ ತಡವಾಗುತ್ತಿದ್ದರೆ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಎಂಬ ಆಯ್ಕೆ ಆನ್ ಇದೆಯೇ ನೋಡಿ. ಹಿಂದಿನ ಟ್ರೇನಿಂಗ್‌ನ ಫಲಿತಾಂಶವನ್ನೇ ಅದು ಬಳಸುತ್ತದೆ.

ಇದರ ಜೊತೆ ಗೊಂದಲವಾಗುವ ಇನ್ನೊಂದು ದೋಷ ಇದೆ. 8600ಜಿ ಬಂದದ್ದು 2024ರ ಜನವರಿಯಲ್ಲಿ. ಅದಕ್ಕಿಂತ ಹಿಂದೆ ತಯಾರಾಗಿ ಗೋಡೌನ್‌ನಲ್ಲಿ ಕೂತ ಬಿ650 ಎಂಬ ಎಎಂ5 ಬೋರ್ಡ್‌ಗೆ ಈ ಪ್ರೊಸೆಸರ್ ಪರಿಚಯ ಇಲ್ಲದಿರಬಹುದು, ಹಾಗಿದ್ದರೆ ಎಷ್ಟು ಕಾದರೂ ಸ್ಕ್ರೀನ್ ಬರುವುದಿಲ್ಲ. ಆಗ ಉಳಿದ ದಾರಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್. ಪೆನ್‌ಡ್ರೈವ್ ಅನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಬೋರ್ಡ್ ತಯಾರಕರ ತಾಣದಿಂದ ಹೊಸ ಬಯಾಸ್ ಇಳಿಸಿ, ಕೈಪಿಡಿಯಲ್ಲಿ ಹೇಳಿದ ಹೆಸರನ್ನೇ ಫೈಲ್‌ಗೆ ಕೊಟ್ಟು, ಗುರುತು ಮಾಡಿದ ಯುಎಸ್‌ಬಿ ಪೋರ್ಟ್‌ಗೆ ಹಾಕಿ ಬಟನ್ ಒತ್ತಬೇಕು. 24 ಪಿನ್ ಮತ್ತು 8 ಪಿನ್ ಎರಡೂ ಕೇಬಲ್ ಕೂತಿರಲಿ. ಮಿನುಗುವ ದೀಪ ನಿಲ್ಲುವವರೆಗೆ ಕರೆಂಟ್ ಹೋಗಬಾರದು, ಆದ್ದರಿಂದ ಈ ಕೆಲಸ ಯುಪಿಎಸ್ ಮೇಲೆ ಮಾತ್ರ. ಇದೆಲ್ಲ ಬೇಡವೆಂದರೆ ಬಿಲ್ ಮಾಡಿಸುವ ಮೊದಲು ಅಂಗಡಿಯಲ್ಲೇ ಬಯಾಸ್ ಅಪ್‌ಡೇಟ್ ಮಾಡಿಸಿಕೊಳ್ಳಿ. 5600 ಕೊಳ್ಳುವವರಿಗೆ ಈ ತಲೆನೋವು ಬಹುತೇಕ ಇಲ್ಲ. ಡಿಡಿಆರ್4 ಟ್ರೇನಿಂಗ್ ಕಣ್ಣಿಗೆ ಬೀಳದಷ್ಟು ಬೇಗ ಮುಗಿಯುತ್ತದೆ.

ಮಗುವಿನ ಕೈಗೆ ಯಾವುದು ಹಗುರ? ಎಎಂ4ನಲ್ಲಿ ಪಿನ್‌ಗಳು ಪ್ರೊಸೆಸರ್‌ನ ಹೊಟ್ಟೆಯಲ್ಲಿ, ಎಎಂ5ನಲ್ಲಿ ಬೋರ್ಡ್‌ನ ಸಾಕೆಟ್‌ನಲ್ಲಿ. ಎಎಂ5 ಸಾಕೆಟ್‌ನೊಳಗೆ ಬೆರಳಾಗಲಿ, ಚಿಪ್‌ನ ಮೂಲೆಯಾಗಲಿ ತಾಗಿದರೆ ಬೋರ್ಡ್ ಕೆಟ್ಟಂತೆ, ಆದ್ದರಿಂದ ಪ್ರೊಸೆಸರ್ ಇಡುವ ಒಂದು ಕೆಲಸ ದೊಡ್ಡವರದು. ಮೂಲೆಯ ತ್ರಿಕೋನ ಹೊಂದಿಸಿ, ಕಪ್ಪು ಪ್ಲಾಸ್ಟಿಕ್ ಮುಚ್ಚಳ ಹಾಗೇ ಇಟ್ಟು ಲಿವರ್ ಎಳೆದರೆ ಮುಚ್ಚಳ ತಾನೇ ಹಾರಿ ಬರುತ್ತದೆ. ಕಿರ್ ಎಂಬ ಸದ್ದು ಸಹಜ. ಮುಚ್ಚಳ ಎಸೆಯಬೇಡಿ, ವಾರಂಟಿಗೆ ಬೋರ್ಡ್ ಕಳಿಸುವಾಗ ಕೇಳುತ್ತಾರೆ.

ಕೂಲರ್ ಕೂರಿಸುವುದರಲ್ಲಿ ಎಎಂ5 ಸಲೀಸು. ಎರಡೂ ಪ್ರೊಸೆಸರ್ ಜೊತೆ ಡಬ್ಬಿಯಲ್ಲೇ ವ್ರೇತ್ ಸ್ಟೆಲ್ತ್ ಕೂಲರ್ ಬರುತ್ತದೆ. ಬೋರ್ಡ್ ಮೇಲಿನ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ ನಾಲ್ಕು ಸ್ಕ್ರೂ ಬಿಗಿಯಬೇಕು. ಎಎಂ4ನಲ್ಲಿ ಪಟ್ಟಿ ಬಿಚ್ಚಿದ ಕೂಡಲೇ ಹಿಂದಿನ ಲೋಹದ ಪ್ಲೇಟ್ ಕಳಚಿ ಬೀಳುತ್ತದೆ, ಒಬ್ಬರು ಕೈ ಕೊಟ್ಟು ಹಿಡಿಯಲೇಬೇಕು. ಎಎಂ5ನಲ್ಲಿ ಅದು ಸಾಕೆಟ್‌ಗೇ ಬಿಗಿದಿರುತ್ತದೆ. ಎದುರುಬದುರು ಮೂಲೆಗಳನ್ನು ಎರಡೆರಡು ಸುತ್ತು ಬಿಗಿಯುತ್ತ ಹೋಗಲಿ, ಇದನ್ನು ಮಗುವೇ ಮಾಡಬಹುದು. ಮುಂದೆಂದಾದರೂ ಕೂಲರ್ ತೆಗೆಯುವಾಗ ಎಎಂ4ನಲ್ಲಿ ನೇರ ಎಳೆಯಬೇಡಿ: ಪೇಸ್ಟ್ ಗಟ್ಟಿಯಾಗಿ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಎಡಬಲ ತಿರುವಿ ಎತ್ತಿ.

ಸ್ಕ್ರೂಗಳಿಗೆ ಅಡುಗೆಮನೆಯ ಖಾಲಿ ಒಗ್ಗರಣೆ ಡಬ್ಬಿಗಿಂತ ಒಳ್ಳೆಯ ಸಾಮಾನು ಇಲ್ಲ. ಒಂದು ಬಟ್ಟಲಲ್ಲಿ ಬೋರ್ಡ್‌ನ ಸಣ್ಣ ಎಳೆಯ ಸ್ಕ್ರೂ, ಇನ್ನೊಂದರಲ್ಲಿ ಎಸ್‌ಎಂಪಿಎಸ್‌ನ ದಪ್ಪ ಎಳೆಯದು, ನಡುವಿನದರಲ್ಲಿ ಎಂ.2 ಎಸ್‌ಎಸ್‌ಡಿಯ ಅಕ್ಕಿಕಾಳಿನಂಥ ಒಂದೇ ಸ್ಕ್ರೂ. ಅದು ಕಳೆದರೆ ಆ ದಿನದ ಕೆಲಸ ನಿಂತಂತೆ.

ಧೂಳಿಗೆ ಮುಂದೆ ಜಾಲರಿ ಇರುವ ಕ್ಯಾಬಿನೆಟ್ ಕೊಳ್ಳಿ, ಗಾಜಿನ ಮುಖದ್ದು ಬೇಡ. ಬೆಳಗಾವಿಯಲ್ಲಿ ಮಳೆಗಾಲದ ತೇವಕ್ಕೆ ಗೋಡೆಗೆ ತಾಗಿಸಿ ಇಡಬೇಡಿ. ಗೇಮಿಂಗ್ ಲ್ಯಾಪ್‌ಟಾಪ್ ಈ ಹೋಲಿಕೆಗೇ ಬರುವುದಿಲ್ಲ, ಅದರಲ್ಲಿ ಜೋಡಿಸಲಿಕ್ಕೆ ಏನಿದೆ?

ದುಡ್ಡಿನ ಲೆಕ್ಕ ಹೀಗೆ. ಕಾರ್ಡ್ ಸೇರಿದರೆ ಒಟ್ಟು ಖರ್ಚಿನಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಅದರದೇ. ಆ ಪಾಲನ್ನು ಮುಂದಿನ ದೀಪಾವಳಿಗೋ ಬೇಸಿಗೆ ರಜೆಗೋ ಮುಂದೂಡಲು 8600ಜಿ ಬಿಡುತ್ತದೆ, 5600 ಬಿಡುವುದಿಲ್ಲ; ಅದರೊಳಗೆ ಗ್ರಾಫಿಕ್ಸ್ ಇಲ್ಲವಾದ್ದರಿಂದ ಕಾರ್ಡ್ ಇಲ್ಲದೆ ಸ್ಕ್ರೀನ್ ಸಹ ಬರದು. ಎಎಂ4 ಬೋರ್ಡ್‌ನ ಮುಂದಿನ ದಾರಿ ಮುಗಿಯುತ್ತ ಬಂದಿದೆ, ಎಎಂ5ಕ್ಕೆ 2027ರವರೆಗಾದರೂ ಬೆಂಬಲ ಎಂದು ಎಎಂಡಿ ಹೇಳಿದೆ. 8600ಜಿಯ ಕೊರತೆಯನ್ನೂ ಹೇಳಬೇಕು: ಕಾರ್ಡ್‌ಗೆ ಅದು ಕೊಡುವುದು ಎಂಟೇ ಲೇನ್ (ಮಾಹಿತಿ ಓಡಾಡುವ ದಾರಿ), ಪ್ರೊಸೆಸರ್ ಒಳಗಿನ ವೇಗದ ಮೆಮೊರಿಯಾದ ಎಲ್3 ಕ್ಯಾಶ್ 16 ಎಂಬಿ, 5600ರ ಅರ್ಧ. ದೊಡ್ಡ ಕಾರ್ಡ್ ಹಾಕಿದರೆ ವ್ಯತ್ಯಾಸ ಕಾಣುತ್ತದೆ, ಆರ್‌ಎಕ್ಸ್ 6600 ಮಟ್ಟದ ಕಾರ್ಡ್‌ಗೆ ಅಷ್ಟಾಗಿ ಅಲ್ಲ. ಪೂರ್ತಿ ದುಡ್ಡು ಈಗಲೇ ಕೈಯಲ್ಲಿದ್ದು, ಮಗು ಪಿಯುಸಿ ದಾಟಿದ್ದು, ಭಾರೀ ಆಟಗಳೇ ಬೇಕೆಂದರೆ 5600–6600 ತಗೊಳ್ಳಿ. ಶನಿವಾರ, ಭಾನುವಾರ ಮಾತ್ರ ಆಡುವ ಮನೆಗೆ 8600ಜಿ.

ಎಸ್‌ಎಂಪಿಎಸ್ ಮಾತ್ರ ಈಗಲೇ 550 ವ್ಯಾಟ್‌ನ 80 ಪ್ಲಸ್ ಬ್ರಾಂಜ್ ತಂದಿಡಿ, ಕಾರ್ಡ್‌ಗೆ ಬೇಕಾದ 8 ಪಿನ್ ಕೇಬಲ್ ಇರುವಂಥದ್ದು. ಜಿಎಸ್‌ಟಿ ಬಿಲ್‌ನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ. ಕಾರ್ಡ್ ಬಂದ ದಿನ ಮಗುವೇ ಅದನ್ನು ಸ್ಲಾಟ್‌ನಲ್ಲಿ ಟಕ್ ಎನ್ನುವವರೆಗೆ ಒತ್ತಲಿ, ಮತ್ತು ಎಚ್‌ಡಿಎಂಐ ಕೇಬಲ್ ಬೋರ್ಡ್‌ನಿಂದ ತೆಗೆದು ಕಾರ್ಡ್‌ಗೆ ಹಚ್ಚಲಿ. ಅದನ್ನು ಮರೆತರೆ ಆಟ ಹಳೆಯ 760ಎಂ ಮೇಲೆಯೇ ಓಡುತ್ತಿರಬಹುದು.